ಜಿಲ್ಲೆ ಬಿಟ್ಟ ಕೆನರಾ

ಕಾಟಿಪಳ್ಳದವರ ವಿಳಾಸ ಕೇಳಿದರೆ ಊರಿನ ಬೆನ್ನಿಗೇ ಬ್ಲಾಕ್ ನಂಬರು ಬರುತ್ತದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ಮನೆ, ಗದ್ದೆ ಬಿಟ್ಟು ಎದ್ದ ಕುಟುಂಬಗಳಿಗೆ ನಿವೇಶನ ಹಂಚಿದ ಜಾಗವಿದು. ಆ ಕುಟುಂಬಗಳ ಹಿರಿಯರು, 1956ಕ್ಕೆ ಮೊದಲು ಹುಟ್ಟಿದವರು, ಹುಟ್ಟಿದ್ದು ಮದರಾಸಿಗೆ ಸೇರಿದ್ದ ಸೌತ್ ಕೆನರಾದಲ್ಲಿ. ಆಮೇಲೆ ಮೈಸೂರು ರಾಜ್ಯ ಬಂತು, 1973ರಲ್ಲಿ ಅದೇ ಕರ್ನಾಟಕವಾಯಿತು. ಅವರು ಮನೆ ಬದಲಿಸಿದ್ದು ಒಂದೇ ಸಲ, ಅದೂ ಹತ್ತು ಕಿಲೋಮೀಟರಿನೊಳಗೆ. ರಾಜ್ಯದ ಹೆಸರು ಮಾತ್ರ ಎರಡು ಸಲ ಬದಲಾಯಿತು. ಜಿಲ್ಲೆಯ ಹೆಸರಿನಲ್ಲಿದ್ದ ‘ಕೆನರಾ’ ಹೋಗಿ ‘ಕನ್ನಡ’ ಬಂತು.

ಕೆನರಾ ಈ ನೆಲದವರು ತಮ್ಮ ಊರಿಗೆ ಇಟ್ಟುಕೊಂಡ ಹೆಸರಲ್ಲ. ಅದು ಪೋರ್ಚುಗೀಸರ ನಾಲಗೆಯಲ್ಲಿ ಪಳಗಿದ ‘ಕನ್ನಡ’ ಅಥವಾ ‘ಕರ್ನಾಟ’. ಅವರು ಅದನ್ನು ಎಷ್ಟು ಸಡಿಲವಾಗಿ ಬಳಸಿದರೆಂದರೆ, ಥಾಮಸ್ ಸ್ಟೀಫನ್ಸ್ ಬರೆದು 1640ರಲ್ಲಿ ಗೋವಾದ ರಾಚೋಲಿನಲ್ಲಿ ಅಚ್ಚಾದ ವ್ಯಾಕರಣದ ಹೆಸರಿನಲ್ಲಿ ‘ಕನಾರಿಂ’ ಭಾಷೆ ಎಂದಿದೆ, ಒಳಗಿರುವುದು ಕೊಂಕಣಿ!

ಟಿಪ್ಪು ಸತ್ತ 1799ರಲ್ಲಿ ಕರಾವಳಿ ಕಂಪನಿಯ ಕೈಸೇರಿತು. ಕಾರವಾರದಿಂದ ಕಾಸರಗೋಡಿನವರೆಗೆ ಒಂದೇ ಕೆನರಾ ಜಿಲ್ಲೆ, ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅರವತ್ತು ವರ್ಷ ಹೀಗೇ ನಡೆದ ಮೇಲೆ ಅದನ್ನು ಉತ್ತರ, ದಕ್ಷಿಣ ಎಂದು ಸೀಳಿದರು. 1862ರಲ್ಲಿ ಉತ್ತರದ ತುಂಡು ಬೊಂಬಾಯಿಗೆ ಹೋಯಿತು. ಧಾರವಾಡದ ಹತ್ತಿಯನ್ನು ಹಡಗಿಗೇರಿಸಲು ಕಾರವಾರ ಬೇಕೆಂದು ಇಂಗ್ಲೆಂಡಿನ ಗಿರಣಿಯವರು ಹಟ ಹಿಡಿದಿದ್ದರು. ಮೊದಲು ಉತ್ತರಕ್ಕೆ ಸೇರಿದ್ದ ಕುಂದಾಪುರ ಮಾತ್ರ ದಕ್ಷಿಣಕ್ಕೆ ಮರಳಿತು. 1956ರಲ್ಲಿ ಎರಡು ತುಂಡುಗಳೂ ಒಂದೇ ರಾಜ್ಯಕ್ಕೆ ಬಂದವು, ಆದರೆ ಕಾಸರಗೋಡು ಕೇರಳದ ಪಾಲಾಯಿತು. 1997ರಲ್ಲಿ ಉಡುಪಿ ಬೇರೆಯಾಯಿತು. ಗಡಿಯ ಅಷ್ಟಿಷ್ಟು ವ್ಯತ್ಯಾಸ ಬದಿಗಿಟ್ಟು ಹಳೆಯ ಕೆನರಾವನ್ನು ಮತ್ತೆ ಜೋಡಿಸಿದರೆ, 2011ರ ಗಣತಿಯಂತೆ ದಕ್ಷಿಣ ಕನ್ನಡದ 20.9 ಲಕ್ಷ, ಉತ್ತರ ಕನ್ನಡದ 14.4 ಲಕ್ಷ, ಕಾಸರಗೋಡಿನ 13 ಲಕ್ಷ, ಉಡುಪಿಯ 11.8 ಲಕ್ಷ ಸೇರಿ ಸುಮಾರು 60 ಲಕ್ಷ ಜನ.

ಈ ಜನರ ಮನೆಮಾತು ಯಾವುದು? ಇಲ್ಲಿಯೇ ಹೆಸರು ಎಡವುತ್ತದೆ. ದಕ್ಷಿಣ ಕನ್ನಡದಲ್ಲಿ ತುಳು ಮನೆಮಾತಿನವರೇ ಹೆಚ್ಚುಕಡಿಮೆ ಅರ್ಧ. ಕನ್ನಡದವರು ಹತ್ತರಲ್ಲೊಂದು ಪಾಲಿನ ಆಸುಪಾಸು. ಕಾಟಿಪಳ್ಳದ ಬ್ಲಾಕುಗಳಲ್ಲಿ ಕಿವಿಗೆ ಬೀಳುವುದು ತುಳು ಮತ್ತು ಬ್ಯಾರಿ. ಕನ್ನಡ ಶಾಲೆಯದು, ಪತ್ರಿಕೆಯದು, ಕಚೇರಿಯದು, ಯಕ್ಷಗಾನದ್ದು. ಕೆನರಾ ಎಂಬ ಹೊರಗಿನವರ ಮಾತನ್ನು ಸರಿಪಡಿಸಿದೆವೆಂದುಕೊಂಡವರು ಪೋರ್ಚುಗೀಸರ ತಪ್ಪನ್ನೇ ಶುದ್ಧ ಕನ್ನಡಕ್ಕೆ ತಿರುಗಿಸಿಬಿಟ್ಟರು. ಜಿಲ್ಲೆಗೆ ಮಂಗಳೂರು ಎಂದೇ ಹೆಸರಿಡಿ ಎಂಬ ಈಚಿನ ಬೇಡಿಕೆಯನ್ನು ಭಾಷಾದ್ರೋಹವೆಂದು ನೋಡಬೇಕಾಗಿಲ್ಲ.

ಜಿಲ್ಲೆಯಿಂದ ಹೊರಬಿದ್ದ ಕೆನರಾ ತಿಜೋರಿಗಳಲ್ಲಿ ಉಳಿದುಕೊಂಡಿತು. ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದು ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಇಂದಿನ ಕೆನರಾ ಬ್ಯಾಂಕ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. 1925ರಲ್ಲಿ ಅದೇ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಕೊನೆಯ ಎರಡೂ ಬೆಳೆದಂತೆ ಹೆಸರಿನ ಮೊದಲ ಪದವನ್ನು ಕಳಚಿ ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಆದವು. 2020ರ ವಿಲೀನದಲ್ಲಿ ಮೊದಲನೆಯದು ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಸಿಂಡಿಕೇಟ್ ಸೇರಿದ್ದು ಕೆನರಾ ಬ್ಯಾಂಕನ್ನೇ.

ಸಹಕಾರಿ ಬ್ಯಾಂಕುಗಳೂ ಹಳೆಯ ಹೆಸರು ಬಿಟ್ಟಿಲ್ಲ. ಮಂಗಳೂರಿನ ಎಸ್‌ಸಿಡಿಸಿಸಿ ಬ್ಯಾಂಕಿನ ಮೊದಲ ಎರಡಕ್ಷರ ಸೌತ್ ಕೆನರಾ. ಶಿರಸಿಯ ಕೆಡಿಸಿಸಿ ಬ್ಯಾಂಕಿನ ‘ಕೆ’ ಕೂಡ ಕೆನರಾ. ಇಂಗ್ಲಿಷಿನಲ್ಲಿ ಮಂಗಳೂರಿನ ಕೆನರಾ ‘ಸಿ’ಯಿಂದ, ಶಿರಸಿಯದು ‘ಕೆ’ಯಿಂದ. ಬೊಂಬಾಯಿ ಸರ್ಕಾರ 1883ರಲ್ಲಿ ಹೊರತಂದ ಉತ್ತರದ ಜಿಲ್ಲೆಯ ಗೆಜೆಟಿಯರಿನ ಮೇಲೂ ಇರುವುದು ಆ ‘ಕೆ’ಯೇ.