ಬಿದಿರ ಮೆಳೆಯೂ ಕಾಗದದ ಗಿರಣಿಯೂ

ಅಳವಂಡಿಯ ಸೀಮೆಯು ಎರೆಹೊಲಗಳ ಬಯಲುನಾಡು; ಅಲ್ಲಿ ಮಳೆಕಾಡೂ ಇಲ್ಲ, ಬಿದಿರ ಮೆಳೆಗಳ ಅಡವಿಯೂ ಇಲ್ಲ. ಆದರೂ ಆ ಭಾಗದ ಮನೆಗಳಲ್ಲಿ ಬಿದಿರು ಬಹುಕಾಲದ ಬಳಕೆಯ ವಸ್ತು. ಕಾಳು ಹಸನುಮಾಡುವ ಮರ, ರೊಟ್ಟಿಯ ಬುಟ್ಟಿ, ಗೊಬ್ಬರ ಹೊರುವ ಹೆಡಗೆ, ಇವೆಲ್ಲ ಮೇದಾರರ ಕೈಯಿಂದ ಬಂದವುಗಳು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನು ಬಿದಿರಿನ ಕಾಯಕದಿಂದಲೇ ಹೆಸರಾದವನೆಂಬುದು ವಾಚಕರಿಗೆ ವಿದಿತವೇ ಇದೆ. ಇಷ್ಟು ಶತಮಾನಗಳ ಕಾಲ ಕಡಿದರೂ ಮುಗಿಯದ ಬಿದಿರು, ಉತ್ತರ ಕನ್ನಡ ಜಿಲ್ಲೆಯ ಕಾಡುಗಳಲ್ಲಿ ಕೆಲವೇ ದಶಕಗಳೊಳಗೆ ಕ್ಷೀಣಿಸಿದ ಬಗೆಯು ವಿಚಾರಾರ್ಹವಾದುದು.

ಮೊದಲು ಬಿದಿರಿನ ಸ್ವಭಾವವನ್ನು ತಿಳಿಯಬೇಕು. ಸಹ್ಯಾದ್ರಿಯ ನಿತ್ಯಹರಿದ್ವರ್ಣದ ಕಾಡುಗಳ ಅಂಚಿನಲ್ಲಿಯೂ, ಅವುಗಳ ಮೂಡಣಕ್ಕಿರುವ ಎಲೆಯುದುರುವ ಕಾಡುಗಳಲ್ಲಿಯೂ ಹೆಬ್ಬಿದಿರು ಬೆಳೆಯುವದು. ಮಳೆಗಾಲದಲ್ಲಿ ನೆಲದೊಳಗಿನ ಗೆಡ್ಡೆಯಿಂದ ಮೊಳೆತ ಕಳಲೆಯು ಕೆಲವೇ ತಿಂಗಳುಗಳಲ್ಲಿ ಪೂರ್ಣ ಎತ್ತರಕ್ಕೆ ಏರುವದು. ಆ ಎಳೆಯ ಕಳಲೆಯು ದನಗಳಿಗೂ ಮುಸುವಗಳಿಗೂ ಮುಳ್ಳುಹಂದಿಗಳಿಗೂ ರುಚಿಯಾದ ಆಹಾರ. ಆದುದರಿಂದಲೇ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಬೇಲಿಯಂತೆ ಕಾವಲಿರುವವು. ನಾಲ್ವತ್ತಕ್ಕೂ ಹೆಚ್ಚು ವರ್ಷಗಳು ಬಾಳಿ, ಒಮ್ಮೆಲೆ ಹೂಬಿಟ್ಟು, ಬಿದಿರಕ್ಕಿಯನ್ನು ಸುರಿಸಿ ಮೆಳೆಯು ಸಾಯುವದು. ಬಿದ್ದ ಬೀಜದಿಂದ ಮತ್ತೆ ಮೆಳೆಯಾಗಲು ಹಲವು ವರ್ಷಗಳು ಬೇಕು. ಮೇದಾರನಿಗೆ ಬೇಕಾದುದು ವರ್ಷಕ್ಕೆ ಕೆಲವು ಹೊರೆ ಬಿದಿರು ಮಾತ್ರ. ಅದಕ್ಕಾಗಿ ಮುಳ್ಳಿನ ಬೇಲಿಯನ್ನೆಲ್ಲ ಕಿತ್ತುಹಾಕುವ ಅವಶ್ಯಕತೆ ಅವನಿಗಿರಲಿಲ್ಲ.

1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ ಉತ್ತರ ಕನ್ನಡದಲ್ಲಿ ಆಂಗ್ಲ ಸರಕಾರಕ್ಕೆ ಪ್ರಿಯವಾಗಿದ್ದುದು ತೇಗ. ತೇಗದ ಸಸಿಗೆ ಅಡ್ಡಿಯಾಗುವದೆಂದು ಅರಣ್ಯಾಧಿಕಾರಿಗಳು ಬಿದಿರನ್ನು ಕಳೆಯೆಂದೇ ಎಣಿಸಿದರು. ಆದರೆ ಕಾಗದದ ಉದ್ಯಮವು ಈ ಕಳೆಗೆ ಬೆಲೆ ತಂದಿತು. 1875ರಲ್ಲಿಯೇ ಥಾಮಸ್ ರೌಟ್ಲೆಜ್ ಎಂಬ ಆಂಗ್ಲ ಕಾಗದತಯಾರಕನು ಬಿದಿರಿನಿಂದ ಕಾಗದ ಮಾಡಬಹುದೆಂದು ಪ್ರತಿಪಾದಿಸಿದ್ದನು. 1925ರಲ್ಲಿ ಬಿದಿರಿನ ಕಾಗದದ ಉದ್ಯಮಕ್ಕೆ ರಕ್ಷಣೆ ಕೊಡುವ ಕಾಯಿದೆಯೇ ಹೊರಟಿತು. ಕೊಪ್ಪಳದ ಸೀಮೆಗೆ ನೀರುಣಿಸುವ ತುಂಗಭದ್ರೆಯ ಮೇಲ್ಭಾಗದಲ್ಲಿ, ಭದ್ರಾವತಿಯಲ್ಲಿ, 1936ರಲ್ಲಿ ಮೈಸೂರು ಕಾಗದದ ಕಾರಖಾನೆಯು ಸ್ಥಾಪಿತವಾಯಿತು. ಕಾಳಿನದಿಯ ದಂಡೆಯ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯು 1959ರಲ್ಲಿ ಉತ್ಪಾದನೆಯನ್ನಾರಂಭಿಸಿತು.

ಹೊಸ ರಾಷ್ಟ್ರಕ್ಕೆ ಪಠ್ಯಪುಸ್ತಕಗಳು ಬೇಕಾಗಿದ್ದವು, ವೃತ್ತಪತ್ರಿಕೆಗಳು ಬೇಕಾಗಿದ್ದವು; ಕಾಗದವು ಬೇಡವೆನ್ನುವವರಾರೂ ಇರಲಿಲ್ಲ. ತಪ್ಪು ಎಣಿಕೆಯಲ್ಲಿತ್ತು. ಕಾಡಿನಲ್ಲಿದ್ದ ಬಿದಿರನ್ನು ನಿಜಕ್ಕಿಂತ ಬಹಳ ಹೆಚ್ಚಾಗಿ ಅಂದಾಜುಮಾಡಿ, ಬಹು ಅಲ್ಪ ಬೆಲೆಗೆ ಗಿರಣಿಗೆ ಕೊಡಲಾಯಿತು. ಅಗ್ಗದ ವಸ್ತುವನ್ನು ಮಿತವಾಗಿ ಬಳಸಬೇಕೆಂಬ ಎಚ್ಚರವು ಯಾರಿಗೂ ಹುಟ್ಟಲಿಲ್ಲ. ಇತ್ತ ಮೇದಾರನು ಅದೇ ಬಿದಿರನ್ನು ಪೇಟೆಯಲ್ಲಿ ಅದರ ಅನೇಕ ಪಟ್ಟು ಬೆಲೆಗೆ ಕೊಳ್ಳಬೇಕಾಯಿತು.

1970ರ ದಶಕದಲ್ಲಿ ಬಿದಿರಿನ ಅಭಾವವು ಎಲ್ಲರ ಕಣ್ಣಿಗೂ ಬಿದ್ದಿತು. ಹಳ್ಳಿಗರ ದನಗಳೂ ಅವರ ಕತ್ತಿಯೂ ಕಾರಣವೆಂದು ಅಧಿಕಾರಿಗಳು ಹೇಳಿದರು. ಮೆಳೆಯ ಮುಳ್ಳನ್ನು ಸವರಿದುದೇ ಕಾರಣವೆಂದು ಹಳ್ಳಿಗರು ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಕಾಡಿನಲ್ಲಿಯೇ ಮೆಳೆಗಳನ್ನು ಪರಿಶೀಲಿಸಿದಾಗ ಹಳ್ಳಿಗರ ಮಾತೇ ನಿಜವಾಯಿತು. ಮೆಳೆಯು ಇಕ್ಕಟ್ಟಾಗದೆ ಚೆನ್ನಾಗಿ ಬೆಳೆಯಲೆಂದು ಶಾಸ್ತ್ರೋಕ್ತವೆಂಬಂತೆ ಮುಳ್ಳನ್ನು ತೆಗೆಯಿಸುತ್ತಿದ್ದರು. ಕಡಿಯುವ ಆಳುಗಳಿಗೂ ಅದು ಅನುಕೂಲವೇ. ಆದರೆ ಬೇಲಿ ಹೋದ ಮೆಳೆಯಲ್ಲಿ ಮಳೆಗಾಲದ ಕಳಲೆಗಳು ಏಳುವ ಮೊದಲೇ ಪ್ರಾಣಿಗಳ ಪಾಲಾದವು. ಹಳೆಯ ಗಳಗಳು ಗಿರಣಿಗೆ ಹೋದವು, ಹೊಸವು ಮೇಲೇಳಲಿಲ್ಲ.

ನಷ್ಟವು ಬಿದಿರೊಂದಕ್ಕೇ ಅಲ್ಲ. ಆನೆಗೂ ಕಾಟಿಗೂ ಬಿದಿರು ಮೇವು. ಹಳ್ಳದ ದಂಡೆಯ ಮಣ್ಣಿಗೆ ಅದರ ಬೇರೇ ಬಂಧನ. ಬಿದಿರು ಸಾಲದಾಗಲು ನೀಲಗಿರಿಯ ನೆಡುತೋಪುಗಳು ಬಂದವು; ಅವುಗಳಿಗಾಗಿ ಸ್ವಾಭಾವಿಕ ಕಾಡೂ ಅಲ್ಲಲ್ಲಿ ಬರಿದಾಯಿತು. ಹೆಚ್ಚು ಮಳೆ ಬೀಳುವ ಭಾಗಗಳಲ್ಲಿ ಗುಲಾಬಿ ರೋಗವೆಂಬ ಬೂಷ್ಟಿನ ಬಾಧೆಗೆ ಈಡಾಗಿ ಅನೇಕ ತೋಪುಗಳು ಕೆಟ್ಟವು. ಹೀಗೆ ಒಂದು ಸಸ್ಯದ ಅವಿವೇಕದ ಕೊಯ್ಲು ಕಾಡಿನ ರೂಪವನ್ನೇ ಬದಲಿಸಿತು.

ಹಾಗೆಂದು ಹಳ್ಳಿಗರ ಕೈ ಎಂದಿಗೂ ಕಾಡನ್ನು ಕೆಡಿಸದೆನ್ನಲಾಗದು. 1990ರ ದಶಕದಲ್ಲಿ ಮೈ ಇಳಿಸುವ ಔಷಧಿಗೆಂದು ಉಪ್ಪಾಗೆಯ ಸಿಪ್ಪೆಗೆ ಪರದೇಶಗಳಲ್ಲಿ ಬೇಡಿಕೆ ಹುಟ್ಟಿದಾಗ, ಅದೇ ಘಟ್ಟದ ಜನರು ಇನ್ನೊಬ್ಬನು ಕೊಯ್ದುಬಿಟ್ಟಾನೆಂಬ ಆತುರದಿಂದ ಎಳೆಯ ಕಾಯಿಗಳನ್ನೇ ಕೆಡವತೊಡಗಿದರು. ಬರುವ ವರ್ಷದ ಫಲವೂ ತನ್ನದೇ ಎಂಬ ಭರವಸೆಯಿಲ್ಲದವನು ಗಿರಣಿಯ ಒಡೆಯನಾದರೇನು, ಬಡ ಕೊಯ್ಲುಗಾರನಾದರೇನು, ಇಂದಿನದನ್ನು ಇಂದೇ ಬಾಚಿಕೊಳ್ಳುವನು.

ಈ ಅನುಭವವು ಕಾಯಿದೆಗಳಲ್ಲಿ ತಡವಾಗಿ ಮೂಡಿತು. ಉದ್ಯಮಗಳು ತಮಗೆ ಬೇಕಾದ ಮರವನ್ನು ರೈತರ ಸಹಾಯದಿಂದ ಬೆಳೆಯಿಸಿಕೊಳ್ಳಬೇಕೆಂದು 1988ರ ರಾಷ್ಟ್ರೀಯ ಅರಣ್ಯನೀತಿಯು ವಿಧಿಸಿತು. 2006ರ ಅರಣ್ಯಹಕ್ಕುಗಳ ಕಾಯಿದೆಯು ಬಿದಿರನ್ನು ಕಿರು ಅರಣ್ಯೋತ್ಪನ್ನವೆಂದು ಕರೆದು ವನವಾಸಿಗಳಿಗೆ ಅದರ ಮೇಲೆ ಹಕ್ಕು ಕೊಟ್ಟಿತು. 1927ರ ಕಾಯಿದೆಯು ಬಿದಿರನ್ನು ಮರವೆಂದು ಎಣಿಸಿದ್ದಿತು; 2017ರ ತಿದ್ದುಪಡಿಯು ಆ ಎಣಿಕೆಯನ್ನು ತೆಗೆದುಹಾಕಿದುದರಿಂದ, ರೈತನು ತನ್ನ ಹೊಲದ ಬದುವಿನಲ್ಲಿ ಬೆಳೆದ ಬಿದಿರನ್ನು ಕಡಿದು ಮಾರುವದು ಸುಲಭವಾಯಿತು.

ಅಳವಂಡಿಯ ಮನೆಯ ಮೊರಕ್ಕೂ, ಅದೇ ಮನೆಯ ಮಕ್ಕಳ ಪುಸ್ತಕಕ್ಕೂ ಒಂದು ಕಾಲದಲ್ಲಿ ಬಿದಿರೇ ಮೂಲವಾಗಿದ್ದಿತು. ಎರಡೂ ಬೇಕಾದವುಗಳೇ. ಬೇಲಿಯನ್ನು ಉಳಿಸಿ ಕೊಯ್ದಿದ್ದರೆ ಎರಡಕ್ಕೂ ಬಹುಕಾಲ ಬಿದಿರು ದೊರೆಯುತ್ತಿದ್ದಿತು. ಬುಡದ ಮುಳ್ಳು ಏತಕ್ಕಿದೆಯೆಂದು ಮೆಳೆಯ ಬಳಿಯಲ್ಲಿ ಬಾಳುವವರನ್ನು ಮೊದಲೇ ಕೇಳಿದ್ದರೆ ಸಾಕಾಗಿತ್ತು.