ದಮ್ಮು ರೋಗ ಮತ್ತು ಅದರ ಔಷಧಗಳ ಚರಿತ್ರೆ: ಕೃಷ್ಣಾ–ಘಟಪ್ರಭಾ ಸೀಮೆಯ ಹಿನ್ನೆಲೆಯಲ್ಲಿ

1948ರ ವಿಲೀನಕ್ಕೆ ಮೊದಲು ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ರಬಕವಿ-ಬನಹಟ್ಟಿಯೂ ಸೇರಿದಂತೆ ಇವೆಲ್ಲ ಇಂದು, 1997ರಲ್ಲಿ ರಚನೆಗೊಂಡ ಬಾಗಲಕೋಟೆ ಜಿಲ್ಲೆಯ ಭಾಗಗಳು. ಆಳ್ವಿಕೆ ಬೇರೆಯಾಗಿದ್ದರೂ ಈ ಸೀಮೆಯ ಜನಜೀವನಕ್ಕೆ ಮಗ್ಗ, ಹೊಲ ಮತ್ತು ಸೌದೆಯ ಒಲೆಗಳೇ ಆಧಾರ. ನೂಲಿನ ಧೂಳು, ಬೆಲ್ಲದ ಗಾಣದ ಹೊಗೆ, ಕಬ್ಬಿನ ರವದಿ ಸುಡುವ ಹೊಗೆಗಳು ಆ ದುಡಿಮೆಯೊಂದಿಗೇ ಬಂದವು. ಉಸಿರಿನ ಬಾಧೆಯನ್ನು ಇಲ್ಲಿನ ಜನ ‘ದಮ್ಮು’ ಎಂಬ ಒಂದೇ ಮಾತಿನಿಂದ ಕರೆಯುತ್ತಾರೆ. ಆದರೆ ಈ ಒಂದು ಹೆಸರಿನಡಿ ಎರಡು ರೋಗಗಳಿವೆ. ಆಸ್ತಮಾದಲ್ಲಿ ಸಂಕುಚಿತಗೊಂಡ ಶ್ವಾಸನಾಳ ಬಹುಮಟ್ಟಿಗೆ ಮತ್ತೆ ತೆರೆದುಕೊಳ್ಳುತ್ತದೆ. ದೀರ್ಘಕಾಲಿಕ ಶ್ವಾಸಕೋಶ ರೋಗದಲ್ಲಿ, ಅಂದರೆ ಸಿಓಪಿಡಿಯಲ್ಲಿ, ಆದ ಹಾನಿ ಪೂರ್ಣವಾಗಿ ಹಿಂದಿರುಗುವುದಿಲ್ಲ. ಔಷಧಗಳ ಚರಿತ್ರೆಯನ್ನು ಈ ಭೇದದ ಬೆಳಕಿನಲ್ಲಿಯೇ ನೋಡಬೇಕಾಗುತ್ತದೆ.

ಚರಕಸಂಹಿತೆಯು ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ತಮಕಶ್ವಾಸದ ಲಕ್ಷಣಗಳು ಆಸ್ತಮಾಕ್ಕೆ ಸಮೀಪವಾಗಿವೆ. ಆಡುಸೋಗೆಯ ಕಷಾಯವೂ ದತ್ತೂರಿಯ ಹೊಗೆಯೂ ದೇಶೀಯ ಚಿಕಿತ್ಸೆಯಲ್ಲಿ ಬಳಕೆಯಲ್ಲಿದ್ದವು. ದತ್ತೂರಿ ಸೇದುವ ಈ ಪದ್ಧತಿಯು 1802ರ ಸುಮಾರಿಗೆ ಮದರಾಸಿನಿಂದ ಬ್ರಿಟನ್ನಿಗೆ ತಲುಪಿತು. ನಾಳಗಳನ್ನು ಬಿಗಿಯುವ ನರಸಂದೇಶವನ್ನು ಈ ಗಿಡದ ಸತ್ವ ತಡೆಯುತ್ತದೆ. ಆದರೆ ಪ್ರಮಾಣ ತಪ್ಪಿದರೆ ಅದೇ ವಿಷ. ಇದೇ ವರ್ಗದಿಂದ ಸುರಕ್ಷಿತ ರೂಪದಲ್ಲಿ ಬಂದ ಇಪ್ರಟ್ರೋಪಿಯಂ ಮತ್ತು ಟಯೊಟ್ರೋಪಿಯಂ ಇಂದು ಸಿಓಪಿಡಿ ಚಿಕಿತ್ಸೆಯ ಮುಖ್ಯ ಔಷಧಗಳಲ್ಲಿ ಸೇರಿವೆ.

ನಾಳದ ಸ್ನಾಯುವನ್ನು ಸಡಿಲಿಸುವ ಇನ್ನೊಂದು ದಾರಿ ಅಡ್ರಿನಲಿನ್‌ನದು. ಅದರ ಚುಚ್ಚುಮದ್ದು 1903ರಿಂದ ಆಸ್ತಮಾಕ್ಕೆ ಬಳಕೆಗೆ ಬಂದಿತು. 1956ರಲ್ಲಿ ಅಳತೆಗೊಳಿಸಿದ ಪ್ರಮಾಣ ನೀಡುವ ಇನ್‌ಹೇಲರ್ ಮಾರುಕಟ್ಟೆಗೆ ಬಂದಿತು; 1969ರಲ್ಲಿ ಹೃದಯದ ಮೇಲೆ ಕಡಿಮೆ ಪರಿಣಾಮ ಬೀರುವ ಸಾಲ್ಬುಟಮಾಲ್ ಬಂದಿತು. ಆದರೆ 1960ರ ದಶಕದಲ್ಲಿ ಬ್ರಿಟನ್ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಆಸ್ತಮಾ ಸಾವುಗಳು ಹೆಚ್ಚಿದಾಗ, ಕ್ಷಣದ ಉಪಶಮನವನ್ನೇ ನೆಚ್ಚುವುದರ ಅಪಾಯ ಬಯಲಾಯಿತು. ಅಂದಿನ ಪ್ರಬಲ ಐಸೊಪ್ರಿನಲಿನ್ ಇನ್‌ಹೇಲರುಗಳ ಅತಿಬಳಕೆಯೊಂದಿಗೆ ಆ ಸಾವುಗಳನ್ನು ತಜ್ಞರು ಜೋಡಿಸಿ ನೋಡಿದರು. ಆಸ್ತಮಾದ ಮೂಲ ಸ್ನಾಯುವಿನ ಬಿಗಿತವಷ್ಟೇ ಅಲ್ಲ, ನಾಳದ ಒಳಪದರದ ಉರಿಯೂತ. ಅದನ್ನು ಶಮನಗೊಳಿಸುವ ಬೆಕ್ಲೊಮೆಥಸೋನ್ ಎಂಬ ಸೇದುವ ಸ್ಟಿರಾಯ್ಡ್ 1972ರಲ್ಲಿ ಬಂದಿತು. 2019ರಲ್ಲಿ ಆಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿಯು, ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಉಪಶಮನದ ಔಷಧವನ್ನೊಂದನ್ನೇ ನೀಡುವ ಪದ್ಧತಿಯನ್ನು ಕೈಬಿಟ್ಟಿತು. ಸಿಓಪಿಡಿಯಲ್ಲಿ ಸ್ಟಿರಾಯ್ಡಿನ ಪಾತ್ರ ಸೀಮಿತ. ಅಲ್ಲಿ ದೀರ್ಘಕಾಲ ನಾಳ ತೆರೆದಿಡುವ ಔಷಧಗಳೇ ಪ್ರಧಾನ.

ಸೇದುವ ಔಷಧ ರೋಗಿಗೆ ಅಂಟಿಕೊಳ್ಳುತ್ತದೆ, ಮಾತ್ರೆಯೇ ಮೇಲು ಎಂಬ ನಂಬಿಕೆ ಸಮಾಜದಲ್ಲಿ ಇಂದಿಗೂ ಇದೆ. ಅಂಕಿಗಳು ಬೇರೆಯದನ್ನೇ ಹೇಳುತ್ತವೆ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 2ರಿಂದ 4 ಮಿಲಿಗ್ರಾಂ ಔಷಧವಿದ್ದರೆ, ಇನ್‌ಹೇಲರಿನ ಒಂದು ಸೇದುವಿಕೆಯಲ್ಲಿರುವುದು 100 ಮೈಕ್ರೋಗ್ರಾಂ ಮಾತ್ರ; ಅಂದರೆ 20ರಿಂದ 40ನೆಯ ಒಂದು ಭಾಗ. ಔಷಧ ನೇರವಾಗಿ ನಾಳವನ್ನು ತಲುಪುವುದರಿಂದ ಅಷ್ಟು ಅಲ್ಪ ಪ್ರಮಾಣವೇ ಸಾಕಾಗುತ್ತದೆ.

ಆದರೂ ಔಷಧಕ್ಕೆ ಒಂದು ಮಿತಿಯಿದೆ. ನಾಳವನ್ನು ತೆರೆಯುವ ಮದ್ದು ಗಾಳಿಯನ್ನು ಶುದ್ಧಗೊಳಿಸದು. ಸಿಓಪಿಡಿ ಬೀಡಿ ಸೇದುವವರ ರೋಗವೆಂದೇ ಬಹುಕಾಲ ಭಾವಿಸಲಾಗಿತ್ತು. ಜನ್ಮದಲ್ಲಿ ಬೀಡಿ ಮುಟ್ಟದ, ಸೌದೆ-ಕುಳ್ಳಿನ ಒಲೆಯ ಮುಂದೆ ಆಯುಷ್ಯ ಕಳೆದ ಹೆಣ್ಣುಮಕ್ಕಳನ್ನೂ ಅದು ಕಾಡುತ್ತದೆಂಬುದು ಈಗ ಸ್ಥಾಪಿತವಾಗಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಅಡುಗೆ ಅನಿಲವನ್ನು ಈ ದೃಷ್ಟಿಯಿಂದ ಶ್ವಾಸಕೋಶದ ರಕ್ಷಣೆಯ ಕ್ರಮವೆಂದೂ ಪರಿಗಣಿಸಬಹುದು. ಆದರೆ ಸಿಲಿಂಡರ್ ಬಂದ ಮನೆಯಲ್ಲಿಯೂ ಸೌದೆಯ ಒಲೆ ಉರಿಯುತ್ತಿದ್ದರೆ ಆ ರಕ್ಷಣೆ ಅರ್ಧಕ್ಕೇ ನಿಲ್ಲುತ್ತದೆ. ದತ್ತೂರಿಯ ಹೊಗೆಯಿಂದ ಇನ್‌ಹೇಲರಿನವರೆಗಿನ ಎರಡು ಶತಮಾನಗಳ ಈ ಸಾಧನೆ ದೊಡ್ಡದು. ಆದರೆ ಮಗ್ಗದ ಕೋಣೆಗೆ ಗಾಳಿಯಾಡುವ ಕಿಟಕಿ, ಅಡುಗೆಮನೆಗೆ ಹೊಗೆಯಿಲ್ಲದ ಒಲೆ, ರವದಿ ಸುಡದ ಹೊಲ, ಇವು ಔಷಧ ಚರಿತ್ರೆಯ ಹೊರಗಿನ ಸಂಗತಿಗಳೆಂದು ಭಾವಿಸುವವರೆಗೆ ನೇಕಾರನ ಎದೆಯ ಸಿಳ್ಳು ನಿಲ್ಲುವಂತಿಲ್ಲ.