ಮುಗಿಲಿಗೆ ಪೈಪು ಹಾಕಿದವರು

“ಅಲ್ರೀ ಟೀಚರ, ಮುಗಿಲಿಗೆ ಪೈಪು ಹಾಕಿದ್ರೂ ವಾಲು ತಿರುವಾಂವ ಗಂಡಸನ ಆದ್ರ ನಮಗೇನು ಸುಖ ಬಂತ್ರೀ?”

ಕುಬಿಹಾಳದ ಹೆಂಗಸರಿಗೆ ನಾನು ಹೇಳಿದ ಕತೆಯೊಂದಕ್ಕೆ ಬಂದ ಮೊದಲ ವಿಮರ್ಶೆ ಇದು. ಹೇಳಿದಾಕೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಕುಂದಗೋಳ ತಾಲೂಕಿನ ಎರೆ ಸೀಮೆಯನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಕಪ್ಪು ನೆಲ ಹತ್ತಿಯನ್ನೂ ಮೆಣಸಿನಕಾಯಿಯನ್ನೂ ಕೊಡುತ್ತದೆ, ಕುಡಿಯುವ ನೀರಿಗೆ ಮಾತ್ರ ಕೈ ಬಿಗಿ. ಬೋರು ಹೊಡೆದರೆ ಸವಳು. ಹೀಗಾಗಿ ಈ ಕಡೆಯ ಹೆಣ್ಣುಮಕ್ಕಳ ಅರ್ಧ ಆಯುಷ್ಯ ಕೊಡದ ಜೊತೆಗೇ ಕಳೆದಿದೆ. ಮುಗಿಲಿನಿಂದ ನೇರವಾಗಿ ನೀರು ಇಳಿಸಿಕೊಂಡ ಊರಿನ ಕತೆ ಕೇಳಿ ಅವರಿಗೆ ಮೊದಲು ಹೊಳೆದದ್ದು ನಳದ ವಾಲು.

ನಮ್ಮ ಸಂಘದ ಉಳಿತಾಯದ ಲೆಕ್ಕ ಬರೆದುಕೊಡಲು ಹೋಗುತ್ತಿದ್ದವಳು ನಾನು. ಲೆಕ್ಕ ಮುಗಿದ ಮೇಲೆ ಒಂದು ಕತೆ ಹೇಳುವ ಚಟ ಅಂಟಿಕೊಂಡಿತು. ಅದೂ ಎಂಥ ಕತೆ! ಅತ್ತೆ ಸೊಸೆಯದಲ್ಲ, ಪುರಾಣದ್ದೂ ಅಲ್ಲ. ಗ್ರಹಾಂತರ, ಯಂತ್ರಮಾನವ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವವರು, ಮಾಯದ ಕೋಟೆಗಳು. ವೈಜ್ಞಾನಿಕ ಕಾದಂಬರಿ ಎಂದರೆ ನನಗೆ ಚಿಕ್ಕಂದಿನಿಂದ ಹುಚ್ಚು. ಓದಿದ್ದನ್ನೆಲ್ಲ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ಈಚಿನ ವರ್ಷಗಳಲ್ಲಿ ನನ್ನ ಅಭಿಪ್ರಾಯದ ಕೆಳಗೆ ಈ ಹೆಂಗಸರ ಅಭಿಪ್ರಾಯವೂ ಸೇರುತ್ತ ಬಂದಿದೆ. ಅವರದೇ ಹೆಚ್ಚು ಬಾಳುವಂಥದು ಎಂದು ನನಗನ್ನಿಸುತ್ತದೆ.

ಮುಗಿಲಿನ ಪೈಪಿನ ಕತೆ ಬರೆದವಳು ರುಕಯ್ಯಾ ಸಖಾವತ್ ಹುಸೇನ್. ಹುಟ್ಟಿದ್ದು 1880ರಲ್ಲಿ, ಈಗಿನ ಬಾಂಗ್ಲಾದೇಶದ ರಂಗಪುರದ ಕಡೆಯ ಪೈರಾಬಂದ್ ಎಂಬ ಹಳ್ಳಿಯಲ್ಲಿ. ಪರದೆಯ ಮನೆತನ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ದೀಪ ಹಚ್ಚಿ ಇಂಗ್ಲಿಷು ಕಲಿಸಿದ. ಗಂಡ ಭಾಗಲಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅವನು ಸರ್ಕೀಟಿಗೆ ಹೋದಾಗ ಒಬ್ಬಳೇ ಮನೆಯಲ್ಲಿದ್ದು, ಹೊತ್ತು ಹೋಗಲೆಂದು ಬರೆದ ಕತೆ ‘ಸುಲ್ತಾನಾಸ್ ಡ್ರೀಮ್’. ಬಂದ ಗಂಡ ನಿಂತಲ್ಲೇ ಓದಿ ಮುಗಿಸಿ, ಒಳ್ಳೇ ಸೇಡು ತೀರಿಸಿಕೊಂಡಿದ್ದೀ ಎಂಬರ್ಥದ ಮಾತು ಹೇಳಿದನಂತೆ. ಹೇಳಿದ್ದಷ್ಟೇ ಅಲ್ಲ, ಅಚ್ಚಿಗೂ ಕಳಿಸಿದರು. ಮದ್ರಾಸಿನಲ್ಲಿ ಕಮಲಾ ಸತ್ಯನಾಥನ್ ಎಂಬ ಹೆಣ್ಣುಮಗಳು ನಡೆಸುತ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ 1905ರಲ್ಲಿ ಅದು ಬಂತು.

ಕತೆಯ ನಾಡಿನಲ್ಲಿ ಗಂಡಸರು ಒಳಮನೆಯಲ್ಲಿ, ಹೆಂಗಸರು ಹೊರಗೆ. ಹೆಂಗಸರಿಗೇ ಎರಡು ವಿಶ್ವವಿದ್ಯಾಲಯ. ಒಂದರವರು ಬಲೂನಿಗೆ ಕೊಳವೆ ಕಟ್ಟಿ ಮೋಡದಿಂದ ಬೇಕಾದಷ್ಟು ನೀರಿಳಿಸುತ್ತಾರೆ. ಇನ್ನೊಂದರವರು ಬಿಸಿಲಿನ ಕಾವನ್ನು ಕೂಡಿಡುತ್ತಾರೆ, ಅದರಿಂದಲೇ ಅಡಿಗೆ. ಹೊಗೆ ಇಲ್ಲ, ಇದ್ದಿಲಿಲ್ಲ, ಅಡಿಗೆಮನೆಯ ಸುತ್ತ ಕಾಯಿಪಲ್ಲೆಯ ತೋಟ. ಶತ್ರು ಏರಿ ಬಂದು ಗಂಡಸರ ಸೈನ್ಯ ಸೋತಾಗ, ಪ್ರಿನ್ಸಿಪಾಲಮ್ಮ ಎರಡು ಸಾವಿರ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋಗಿ ಆ ಬಿಸಿಲನ್ನೇ ಶತ್ರುವಿನ ಮುಖಕ್ಕೆ ತಿರುಗಿಸುತ್ತಾಳೆ. ಇಪ್ಪತ್ತೊಂದು ತುಂಬುವ ತನಕ ಹೆಣ್ಣುಮಕ್ಕಳ ಮದುವೆ ಮಾಡಬಾರದೆಂದು ಅಲ್ಲಿ ರಾಣಿಯ ಆಜ್ಞೆ. 1905ರಲ್ಲಿ!

ಹೊಗೆಯಿಲ್ಲದ ಅಡಿಗೆಮನೆ ಎಂದಾಗ ನಮ್ಮವರೆಲ್ಲ ಒಮ್ಮೆ ಉಸಿರು ಬಿಟ್ಟರು. ಗಂಡಸರು ಅಡಿಗೆ ಮಾಡುತ್ತಾರೆ ಎಂದಾಗ ಒಬ್ಬಾಕೆ, “ರೊಟ್ಟಿ ಬಡೀಲಿಕ್ಕೆ ಬರತಾವೇನ್ರೀ ಅವಕ್ಕ?” ಎಂದಳು. ಆಮೇಲೆ ಬಂತು ವಾಲಿನ ಪ್ರಶ್ನೆ. ಅಲ್ಲಿ ವಾಲೂ ಹೆಂಗಸರ ಕೈಯಲ್ಲೇ ಎಂದು ನಾನು ಹೇಳಿದೆ. “ಹಂಗಾರ ಛಲೋ ಕತಿ ಬಿಡ್ರಿ” ಎಂದು ತೀರ್ಪಾಯಿತು. ಮೋಡಬಿತ್ತನೆಯ ನೆನಪೂ ತೆಗೆದರು. ಸರಕಾರ 2003ರಲ್ಲಿ ‘ವರುಣ’ ಎಂದು, 2017ರಲ್ಲಿ ‘ವರ್ಷಧಾರೆ’ ಎಂದು ವಿಮಾನ ಹಾರಿಸಿತ್ತಲ್ಲ. ಅದಕ್ಕಿಂತ ಈ ಬೇಗಮ್ಮಳ ಬಲೂನೇ ವಾಸಿ ಎಂದು ನಕ್ಕರು.

ರುಕಯ್ಯಾ ನನ್ನಂತೆಯೇ ಶಾಲೆಯ ಬಾಯಿ. ಗಂಡ 1909ರಲ್ಲಿ ತೀರಿಕೊಂಡ ಮೇಲೆ ಐದು ಮಕ್ಕಳಿಂದ ಶಾಲೆ ಶುರು ಮಾಡಿದಳು. ಅಲ್ಲಿ ನಡೆಯಲಿಲ್ಲ. 1911ರಲ್ಲಿ ಕಲಕತ್ತೆಗೆ ಬಂದು ಎಂಟು ಹುಡುಗಿಯರಿಂದ ಮತ್ತೆ ಆರಂಭಿಸಿದಳು. 1932ರಲ್ಲಿ ಸಾಯುವತನಕ ಅದೇ ಕೆಲಸ.

ಇಂಥ ಕತೆ ಒಂದಿದೆ ಎಂದು ನನ್ನ ಓದಿನ ವಯಸ್ಸಿನಲ್ಲಿ ಯಾರೂ ಹೇಳಲಿಲ್ಲ. ನಮ್ಮ ಪಾಲಿಗೆ ಇದ್ದದ್ದು ‘ಚಂದಮಾಮ’. ಕನ್ನಡ ಚಂದಮಾಮ 1949ರಲ್ಲಿ ಹುಟ್ಟಿದ್ದು. ಅದರ ಧಾರಾವಾಹಿಯ ಪುಟಗಳನ್ನು ನಮ್ಮವ್ವ ಕತ್ತರಿಸಿ, ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದು ಪುಸ್ತಕ ಮಾಡಿದ್ದಳು. ಹೈಸ್ಕೂಲಿಗೆ ಬಂದ ಮೇಲೆ ಗ್ರಂಥಾಲಯದ ಚೀಟಿ ಸಿಕ್ಕಿತು. ಯಾವ ಊರಿನ ಗ್ರಂಥಾಲಯ ಎಂಬುದು ಬೇಡ. ಅಲ್ಲಿಯವರು ಹೆಣ್ಣುಮಕ್ಕಳು ಬಂದರೆ ಕೇಳದೆಯೇ ಸಾಂಸಾರಿಕ ಕಾದಂಬರಿ ತೆಗೆದು ಕೊಡುತ್ತಿದ್ದರು. ತ್ರಿವೇಣಿಯವರನ್ನೂ ಎಂ.ಕೆ. ಇಂದಿರಾ ಅವರನ್ನೂ ನಾನು ಕಣ್ಣಿಗೆ ಒತ್ತಿಕೊಂಡು ಓದಿದವಳೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಮೇಲಿನ ಹಲಗೆಯ ಪುಸ್ತಕ ಕೇಳಿದರೆ, “ಅದು ನಿಮಗ ತಿಳಿಯೂದಿಲ್ಲವಾ” ಎಂಬ ಉತ್ತರ. ಅಣ್ಣನ ಹೆಸರಿನ ಚೀಟಿಯಲ್ಲಿ ತಂದು ಓದಿದೆ.

ಹಾಗೆ ತಂದ ಪುಸ್ತಕಗಳಲ್ಲೇ ‘ಕರ್ವಾಲೊ’ ಇತ್ತು. ತೇಜಸ್ವಿಯವರ ಆ ಕಾದಂಬರಿ ಬಂದದ್ದು 1980ರಲ್ಲಿ. ಅದನ್ನು ವೈಜ್ಞಾನಿಕ ಕಾದಂಬರಿ ಎನ್ನಬೇಕೋ ಬೇಡವೋ ಎಂಬ ಜಗಳ ಪಂಡಿತರಿಗೆ ಬಿಟ್ಟದ್ದು. ನನಗೆ ಅದರ ಹಾರುವ ಓತಿಗಿಂತ ಹೆಚ್ಚು ಹಿಡಿಸಿದ್ದು ಮಂದಣ್ಣ. ಊರೆಲ್ಲ ಉಪಯೋಗವಿಲ್ಲದವನು ಎಂದು ತಳ್ಳಿದ ಹುಡುಗನಲ್ಲಿ ವಿಜ್ಞಾನಿಯೊಬ್ಬ ದೊಡ್ಡ ತಿಳಿವಳಿಕೆ ಕಂಡನಲ್ಲ, ಅದು. ಆ ಪುಸ್ತಕವನ್ನು ಮೂರು ಸಲ ಓದಿದವಳು ನಾನು, ಮುಂದೆ ಮಾಡಿದ ಕೆಲಸ ಏನೆಂಬುದನ್ನು ಕೊನೆಗೆ ಹೇಳುತ್ತೇನೆ.

1994ರಿಂದ ದೂರದರ್ಶನದಲ್ಲಿ ರವಿವಾರ ‘ಚಂದ್ರಕಾಂತಾ’ ಬಂತು. ನಿಮಗೂ ನೆನಪಿರಬೇಕು, ಕ್ರೂರಸಿಂಗನ ಹುಬ್ಬು! ದೇವಕೀನಂದನ ಖತ್ರಿ 1888ರಲ್ಲಿ ಬರೆದ ಕಾದಂಬರಿ ಅದರ ಮೂಲ. ಅದನ್ನು ಓದಲೆಂದೇ ಎಷ್ಟೋ ಜನ ಹಿಂದಿ ಕಲಿತರೆಂದು ಪ್ರತೀತಿ. ಧಾರಾವಾಹಿಯನ್ನು ನಿರ್ಮಿಸಿದ್ದು ನೀರಜಾ ಗುಲೇರಿ ಎಂಬ ಹೆಂಗಸು ಎಂಬುದನ್ನು ಆಗ ಯಾರು ಗಮನಿಸಿದೆವು?

ಹೆಸರಿನ ಮಾತು ಬಂತು. ಈ ಜಾತಿಯ ಸಾಹಿತ್ಯದ ಇತಿಹಾಸವೇ ಹೆಸರು ಮುಚ್ಚಿಟ್ಟವರ ಇತಿಹಾಸದಂತಿದೆ. ಮೊದಲ ವೈಜ್ಞಾನಿಕ ಕಾದಂಬರಿ ಎಂದು ಬಹಳ ಜನ ಒಪ್ಪುವ ‘ಫ್ರಾಂಕೆನ್‌ಸ್ಟೈನ್’ ಬರೆಯಲು ತೊಡಗಿದಾಗ ಮೇರಿ ಶೆಲ್ಲಿಗೆ ಹದಿನೆಂಟು ವರ್ಷ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಮುಗಿಲಿಗೆ ಅಡರಿ, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯಲ್ಲಿ ಮಳೆಗೆ ಸಿಕ್ಕು ಮನೆಯೊಳಗೆ ಕೂತಿದ್ದ ಗೆಳೆಯರಿಗೆ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕತೆ ಬರೆಯೋಣ ಎಂದ. ಉಳಿದದ್ದು ಈ ಹುಡುಗಿಯ ಕತೆ. 1818ರಲ್ಲಿ ಅಚ್ಚಾದಾಗ ಅದರ ಮೇಲೆ ಅವಳ ಹೆಸರಿರಲಿಲ್ಲ, ಮುನ್ನುಡಿ ಗಂಡನದು. ಅವನೇ ಬರೆದದ್ದೆಂದು ಹಲವರು ತಿಳಿದರು. ಹೆಸರು ಬಂದದ್ದು 1823ರ ಮುದ್ರಣದಲ್ಲಿ.

ಆಕೆಯ ತಾಯಿ ಬಾಣಂತಿತನದಲ್ಲೇ ತೀರಿಹೋಗಿದ್ದಳು. ಮೇರಿಯ ಚೊಚ್ಚಲ ಕೂಸು 1815ರಲ್ಲಿ, ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತಿತು. ಕೂಸು ಬರೀ ತಣ್ಣಗಾಗಿತ್ತು, ಒಲೆಯ ಮುಂದೆ ತಿಕ್ಕಿದಾಗ ಮತ್ತೆ ಬದುಕಿತು ಎಂದು ಕನಸು ಕಂಡದ್ದನ್ನು ಅವಳು ದಿನಚರಿಯಲ್ಲಿ ಬರೆದಿದ್ದಾಳೆ. ಸತ್ತ ದೇಹಕ್ಕೆ ಜೀವ ಕೊಡುವ ವಿದ್ಯಾರ್ಥಿಯ ಕತೆ ಎಲ್ಲಿಂದ ಬಂತೆಂದು ಪಂಡಿತರು ವಿದ್ಯುಚ್ಛಕ್ತಿಯ ಪ್ರಯೋಗಗಳನ್ನು ಹುಡುಕುತ್ತಾರೆ. ಅದೂ ಇರಬಹುದು. ನಾನು ಈ ಕತೆ ಹೇಳಿದ ದಿನ ಕುಬಿಹಾಳದಲ್ಲಿ ಯಾರೂ ತೊಟ್ಟು ಮುರಿಯಲಿಲ್ಲ. ಕಡೆಗೆ ಒಬ್ಬ ಮುದುಕಿ ಅಂದಳು: “ಹುಟ್ಟಿಸಿ ಬಿಟ್ಟು ಓಡಿದಾಂವ ರಾಕ್ಷಸ. ಆ ಕೂಸಿಂದೇನು ತಪ್ಪು?” ನೋಟುಬುಕ್ಕಿನಲ್ಲಿ ಅದನ್ನಷ್ಟೇ ಬರೆದುಕೊಂಡೆ.

ನಮ್ಮ ದೇಶದಲ್ಲಿ ಈ ಕತೆಗಳ ಹುಟ್ಟಿಗೆ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಇದೆ. ಕಲಕತ್ತೆಯ ಎಚ್. ಬೋಸ್ ಅವರ ‘ಕುಂತಲೀನ’ ಎಂಬ ಕೇಶತೈಲದ ಹೆಸರಿನಲ್ಲಿ ಕಥಾಸ್ಪರ್ಧೆ ನಡೆಯುತ್ತಿತ್ತು. ಕತೆಯಲ್ಲಿ ಎಣ್ಣೆ ಬರಬೇಕು, ಜಾಹಿರಾತಿನಂತೆ ಕಾಣಬಾರದು. 1896ರಲ್ಲಿ ಬಹುಮಾನ ಪಡೆದವರು ಸಾಕ್ಷಾತ್ ಜಗದೀಶಚಂದ್ರ ಬೋಸ್. ಒಂದು ಬಾಟಲಿ ಎಣ್ಣೆ ಸುರಿದು ಸಮುದ್ರದ ಬಿರುಗಾಳಿಯನ್ನು ಶಾಂತಗೊಳಿಸಿದ ಕತೆ ಅವರದು. ನಮಗೆಲ್ಲ ಪ್ರಿಯನಾದ ಶರತ್‌ಚಂದ್ರ ಕೂಡ ಇದೇ ಸ್ಪರ್ಧೆಯಲ್ಲಿ 1903ರಲ್ಲಿ ಗೆದ್ದ, ಆದರೆ ಸೋದರಮಾವನ ಹೆಸರಿನಲ್ಲಿ.

ನಮ್ಮ ಪಕ್ಕದ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರರದು ಇನ್ನೂ ಸೊಗಸು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕತೆ ಕಳಿಸುವಾಗ, ತಮ್ಮ ಕೀರ್ತಿ ಅಡ್ಡ ಬರಬಾರದೆಂದು ಇನಿಷಿಯಲ್ಲುಗಳನ್ನು ಉಲ್ಟಾ ಮಾಡಿ ನಾರಾಯಣ ವಿನಾಯಕ ಜಗತಾಪ ಎಂಬ ಹೆಸರು ಕಟ್ಟಿಕೊಂಡರು. ಅಕ್ಷರ ಗುರುತು ಹತ್ತಬಾರದಲ್ಲ? ಹೆಂಡತಿ ಮಂಗಳಾ ನಕಲು ಮಾಡಿಕೊಟ್ಟರು. ಮಂಗಳಾ ಸ್ವತಃ ಗಣಿತಜ್ಞೆ. ಅವರು 2023ರಲ್ಲಿ, ನಾರಳೀಕರರು 2025ರಲ್ಲಿ ತೀರಿಕೊಂಡರು. ಅಕ್ಷರ ಹೆಂಡತಿಯದು, ಹೆಸರು ಇಲ್ಲದವನದು, ಕತೆ ಗಂಡನದು! ಅಮೆರಿಕದಲ್ಲಿ ಇದರ ತಿರುವುಮುರುವು. ಆಲಿಸ್ ಶೆಲ್ಡನ್ ಎಂಬಾಕೆ ಹಣ್ಣಿನ ಮುರಬ್ಬದ ಭರಣಿಯ ಮೇಲಿದ್ದ ಹೆಸರು ನೋಡಿ ‘ಜೇಮ್ಸ್ ಟಿಪ್‌ಟ್ರೀ’ ಎಂಬ ಗಂಡಸಾದಳು. 1977ರಲ್ಲಿ ಗುಟ್ಟು ರಟ್ಟಾಗುವತನಕ ಆ ಗಂಡಸಿನ ಬರಹವನ್ನು ಜನ ಹೊಗಳಿದ್ದೇ ಹೊಗಳಿದ್ದು.

ಕನ್ನಡದ ಸುದ್ದಿ ಕೇಳುತ್ತೀರಾ? ರಾಜಶೇಖರ ಭೂಸನೂರಮಠರು ಈ ಹೊಲವನ್ನು ಬಹಳ ಕಾಲ ಒಬ್ಬರೇ ಉತ್ತಂತೆ ಉತ್ತರು. ಬಾಳ ಫೋಂಡಕೆ ಸಂಪಾದಿಸಿದ, ನ್ಯಾಷನಲ್ ಬುಕ್ ಟ್ರಸ್ಟಿನ ‘ಇಟ್ ಹ್ಯಾಪನ್ಡ್ ಟುಮಾರೊ’ 1993ರಲ್ಲಿ ಬಂತು. ಅದರಲ್ಲಿ ಮರಾಠಿಯದೇ ಸಿಂಹಪಾಲು. ಕನ್ನಡದಿಂದ ಭೂಸನೂರಮಠರೂ ಸಂಜಯ ಹಾವನೂರರೂ ಇದ್ದಾರೆ. ಮರಾಠಿಯಿಂದ ಶುಭದಾ ಗೋಗಟೆ ಎಂಬ ಲೇಖಕಿ ಇದ್ದಾರೆ, ಕನ್ನಡದಿಂದ ಹೆಂಗಸರಿಲ್ಲ. ಹಾಗೆಂದು ಕನಸು ನಮಗೆ ಹೊಸದೇ? ಹನ್ನೆರಡನೆಯ ಶತಮಾನದ ನೇಮಿಚಂದ್ರ ಕವಿಯ ‘ಲೀಲಾವತಿ’ಯಲ್ಲಿ ರಾಜಕುಮಾರ, ರಾಜಕುಮಾರಿ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಹುಡುಕಿಕೊಂಡು ಹೊರಡುತ್ತಾರೆ. ಅದೇ ಹೆಸರಿನ ನಮ್ಮ ಕಾಲದ ನೇಮಿಚಂದ್ರ ಹೆಂಗಸು, ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದವರು, ಮೇರಿ ಕ್ಯೂರಿಯ ಬಗ್ಗೆ ಬರೆದವರು. ಅವರಿಂದ ಒಂದು ದೊಡ್ಡ ಅಂತರಿಕ್ಷದ ಕಾದಂಬರಿ ಬರಲಿ ಎಂಬುದು ಈ ಅಭಿಮಾನಿಯ ಹಳೆಯ ಆಸೆ.

ಕನ್ನಡದ ಹೆಣ್ಣುಮಕ್ಕಳು ಇಂಥ ಕತೆ ಯಾಕೆ ಹೆಚ್ಚು ಬರೆಯಲಿಲ್ಲ ಎಂದು ಯಾರಾದರೂ ಭಾಷಣದಲ್ಲಿ ಕೇಳಿದರೆ ನಾನು ತಲೆ ತಗ್ಗಿಸುತ್ತೇನೆ. ಯಾಕೆಂದರೆ ಒಬ್ಬಳು ಬರೆದಿದ್ದಳು.

1998ರ ಮಾತು. ಬೇರೊಂದು ಹಳ್ಳಿಯ ಶಾಲೆಯಲ್ಲಿದ್ದೆ. ಏಳನೆಯ ಇಯತ್ತೆಗೆ ‘ನಮ್ಮ ಊರು’ ಎಂದು ನಿಬಂಧ ಕೊಟ್ಟಿದ್ದೆ. ಎಲ್ಲರೂ ಊರಿನ ದಿಕ್ಕು, ಗುಡಿ, ಜಾತ್ರೆ ಬರೆದರು. ಒಬ್ಬ ಹುಡುಗಿ ತಮ್ಮ ಮನೆಯ ಮುಂದಿನ ಹಗೇವಿನ ಕತೆ ಬರೆದಿದ್ದಳು. ಜೋಳ ತುಂಬಿಡುವ ನೆಲದೊಳಗಿನ ಹಗೇವು ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಗೊತ್ತು. ಬಹಳ ದಿನ ಮುಚ್ಚಿದ್ದರೆ ಒಳಗೆ ಕೆಟ್ಟ ಗಾಳಿ ತುಂಬುತ್ತದೆ, ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಾರೆ. ಆರಿದರೆ ಇಳಿಯಬಾರದು. ಹುಡುಗಿ ಬರೆದಿದ್ದಳು: ಅಪ್ಪ ದೀಪ ಇಳಿಬಿಟ್ಟ, ಅದು ಆರಲಿಲ್ಲ. ಬದಲಿಗೆ ಕೆಳಗಿನಿಂದ ಇನ್ನೊಂದು ದೀಪ ಮೇಲಕ್ಕೆ ಬರತೊಡಗಿತು. ಅಲ್ಲಿ ಕೆಳಗೂ ಒಂದು ನಮ್ಮ ಊರು ಇತ್ತು.

ಅಲ್ಲಿಗೆ ನಾನು ಓದುವುದನ್ನು ನಿಲ್ಲಿಸಿದೆ. ಮುಂದೆ ಒಂದೂವರೆ ಪುಟ ಇತ್ತು. ನಲವತ್ತು ವಹಿ ತಿದ್ದಬೇಕಾಗಿತ್ತು, ಬಸ್ಸಿನ ಹೊತ್ತಾಗಿತ್ತು. ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದು ಹತ್ತಕ್ಕೆ ಎರಡು ಹಾಕಿದೆ. ‘ಕರ್ವಾಲೊ’ ಮೂರು ಸಲ ಓದಿದ ಬಾಯಿ ನಾನು. ಆ ಹುಡುಗಿ ಮರುವರ್ಷ ಶಾಲೆಗೆ ಬರಲಿಲ್ಲ. ನನ್ನ ಎರಡು ಅಂಕಗಳಿಂದ ಅಲ್ಲ, ಮನೆಯ ಪರಿಸ್ಥಿತಿಯಿಂದ. ಹಾಗೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ.

ಹದಿನೆಂಟು ವರ್ಷಗಳ ಮೇಲೆ ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ಅವಳೇ ನನ್ನನ್ನು ಗುರುತು ಹಿಡಿದಳು. ಕಾಯಿಪಲ್ಲೆಯ ಚೀಲ, ಜೊತೆಗೆ ಇಬ್ಬರು ಮಕ್ಕಳು. ಉಭಯಕುಶಲೋಪರಿ ಮುಗಿದ ಮೇಲೆ ನಾನು ಹಗೇವಿನ ಕತೆ ಕೇಳಿದೆ.

“ಯಾವ ಕತಿರೀ ಟೀಚರ? ನಾ ಬರದಿದ್ನಾ?” ಅವಳಿಗೆ ನೆನಪೇ ಇರಲಿಲ್ಲ. ನಾನು ನಾಚಿಕೆ ಬಿಟ್ಟು ಅವಳ ಕತೆಯನ್ನು ಅವಳಿಗೇ ಹೇಳಿದೆ. ಅಪ್ಪ, ಹಗ್ಗ, ದೀಪ, ಕೆಳಗಿನಿಂದ ಏರಿ ಬಂದ ಇನ್ನೊಂದು ದೀಪ. ಅವಳ ಸಣ್ಣ ಮಗಳು ಚೀಲದ ಮೇಲೆ ಕೂತು ಬಾಯಿ ತೆರೆದು ಕೇಳುತ್ತಿದ್ದಳು. ಅವಳೂ ಕೇಳುತ್ತಿದ್ದಳು.

“ಆಮ್ಯಾಲೆ ಏನಾತ್ರೀ?” ಎಂದಳು.

ನಾನು ಮುಂದಕ್ಕೆ ಓದಿರಲಿಲ್ಲ ಎಂದೆ. ಅಷ್ಟರಲ್ಲಿ ಅವರ ಬಸ್ಸು ಬಂತು.